ಉಬ್ಬಿ ಸಿಕ್ಕಿಕೊಂಡ ಸೆಂಟರ್‌ಬೋರ್ಡ್: ಹಳೆಯ ಎಂಟರ್‌ಪ್ರೈಸ್ ಹಾಯಿದೋಣಿಯೊಂದರ ಪ್ರಕರಣ

ದೋಣಿ ಎಂಟರ್‌ಪ್ರೈಸ್ ವರ್ಗದ್ದು, ಪೂರ್ತಿ ಮರೈನ್ ಪ್ಲೈವುಡ್‌ನದು. ಇರುವುದು ದಕ್ಷಿಣ ಕರ್ನಾಟಕದ ಜಲಾಶಯವೊಂದರ ದಡದಲ್ಲಿ. ಮಳೆಗಾಲ ಮುಗಿದ ಮೇಲೆ ನೀರಿಗಿಳಿಸಿದಾಗ ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆ) ಮೂರನೇ ಒಂದು ಭಾಗ ಮಾತ್ರ ಕೆಳಗಿಳಿದು ನಿಂತಿತು. ಮೇಲಿಂದ ಒತ್ತಿದರೆ ಇಳಿಯಲಿಲ್ಲ, ಎಳೆದರೆ ಏರಲಿಲ್ಲ. ಅದರ ಹಿಂದಿನ ವರ್ಷವೂ ಅದು ಬಿಗಿಯಾಗಿತ್ತು. ಆಗ ಎರಡೂ ಬದಿ ಉಜ್ಜಿ ತೆಳ್ಳಗೆ ಮಾಡಿ ಒಂದು ಕೈ ವಾರ್ನಿಷ್ ಬಳಿಯಲಾಗಿತ್ತು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡಿದ್ದೇ ಈ ಬಾರಿಯ ತೊಂದರೆಯ ಬೇರು.

ಎಂಟರ್‌ಪ್ರೈಸ್ ದೋಣಿಯನ್ನು ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದರು. ಸುಮಾರು 4 ಮೀಟರ್ ಉದ್ದ, ಇಬ್ಬರು ಓಡಿಸುವ ದೋಣಿ. ನೀಲಿ ಹಾಯಿ ಅದರ ಗುರುತು. ಭಾರತದಲ್ಲಿ ಸೇನೆಯ ಹಾಯಿದೋಣಿ ಕೇಂದ್ರಗಳಲ್ಲೂ ಕ್ಲಬ್ಬುಗಳಲ್ಲೂ ಇದು ದಶಕಗಳಿಂದ ಬಳಕೆಯಲ್ಲಿದೆ. ಹಾಗಾಗಿ ಮರದ ಹಳೆಯ ಎಂಟರ್‌ಪ್ರೈಸ್‌ಗಳು ನಮ್ಮಲ್ಲಿ ಇನ್ನೂ ಸಿಗುತ್ತವೆ, ಮತ್ತು ಅವುಗಳ ಸೆಂಟರ್‌ಬೋರ್ಡ್ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು.

ಸೆಂಟರ್‌ಬೋರ್ಡ್ ಎಂದರೆ ದೋಣಿಯ ನಡುವಿನ ಕಿರಿದಾದ ಪೆಟ್ಟಿಗೆಯೊಳಗಿಂದ ನೀರಿಗಿಳಿಯುವ ಹಲಗೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳದಂತೆ ನೀರಿನಲ್ಲಿ ತಡೆ ಒಡ್ಡುವುದು ಇದೇ. ಇಳಿಯದಿದ್ದರೆ ಗಾಳಿಗೆ ಎದುರಾಗಿ ಹೋಗಲಾಗದು ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ದೋಣಿ ಮಗುಚಿದಾಗ ಹೊರಚಾಚಿದ ಈ ಹಲಗೆಯ ಮೇಲೆ ನಿಂತು ಮೈಭಾರ ಹಾಕಿಯೇ ಅದನ್ನು ಎತ್ತಿ ನಿಲ್ಲಿಸಬೇಕು. ಹಲಗೆ ಒಳಗೇ ಸಿಕ್ಕಿಕೊಂಡಿದ್ದರೆ ಕಾಲಿಡಲು ಜಾಗವಿಲ್ಲ. ಹಲಗೆ ಸರಾಗವಾಗಿ ಆಡದ ದೋಣಿಯನ್ನು, ಗಾಳಿ ಎಷ್ಟೇ ಕಡಿಮೆ ಇರಲಿ, ನೀರಿಗೆ ಬಿಡಬಾರದು.

ಹಿಡಿದಿರುವುದು ಯಾವುದು?

ಸಿಕ್ಕಿಕೊಂಡ ಹಲಗೆಯನ್ನು ಕಂಡರೆ ಎಲ್ಲರಿಗೂ ಮೊದಲು ತೋಚುವುದು ಹಾರೆ ಅಥವಾ ಸುತ್ತಿಗೆ. ಮರದ ದೋಣಿಯಲ್ಲಿ ಇದು ಬಲು ದುಬಾರಿ ತಪ್ಪು. ಪೆಟ್ಟಿಗೆಯ ಎರಡು ಗೋಡೆಗಳು ತಳದ ಉದ್ದ ತೊಲೆಗೆ ಕೂಡುವ ಜಾಗದಲ್ಲೇ ಹಳೆಯ ದೋಣಿಗಳು ಸೋರುವುದು. ಹಾರೆ ಮೀಟಿದರೆ ಗೋಡೆ ಹೊರಕ್ಕೆ ಬಾಗುತ್ತದೆ, ಅಂಟು ಬಿಡುತ್ತದೆ. ಹಲಗೆ ಬಿಡಿಸಿದ ಖುಷಿಯಲ್ಲಿರುವಾಗಲೇ ದೋಣಿಯ ತಳದಲ್ಲಿ ನೀರು ಜಿನುಗತೊಡಗುತ್ತದೆ. ಆ ಕೀಲನ್ನು ಮತ್ತೆ ಕೂಡಿಸುವ ಕೆಲಸದ ಮುಂದೆ ಸೆಂಟರ್‌ಬೋರ್ಡ್ ದುರಸ್ತಿ ಏನೇನೂ ಅಲ್ಲ.

ಹಾಗಾಗಿ ಮೊದಲು ಪರೀಕ್ಷೆ. ಪಟಸ್ತಂಭ, ಚುಕ್ಕಾಣಿ, ಹಗ್ಗಗಳನ್ನೆಲ್ಲ ಬಿಚ್ಚಿ, ನಾಲ್ಕು ಜನ ಸೇರಿ ದೋಣಿಯನ್ನು ಹಳೆಯ ಟೈರುಗಳ ಮೇಲೆ ಪಕ್ಕಕ್ಕೆ ಮಲಗಿಸಲಾಯಿತು. ಹೊರಗಿದ್ದ ಹಲಗೆಯ ತುದಿ ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದು ಮುಖ್ಯ, ಯಾಕೆಂದರೆ ಆ ತುದಿಗೆ ಬಿದ್ದ ಒತ್ತಡವೆಲ್ಲ ಪಿವಟ್ ಬೋಲ್ಟಿನ (ಹಲಗೆ ತಿರುಗುವ ಅಚ್ಚಿನ) ಸುತ್ತಲಿನ ಮರಕ್ಕೆ ಹೋಗುತ್ತದೆ.

ಪರೀಕ್ಷೆಗೆ ಬೇಕಾದದ್ದು ಒಂದು ಟಾರ್ಚು ಮತ್ತು ಹಳೆಯ ಹ್ಯಾಕ್ಸಾ ಬ್ಲೇಡು. ಬ್ಲೇಡಿನ ಹಲ್ಲನ್ನು ಉಜ್ಜಿ ತೆಗೆದು ಹಲಗೆಗೂ ಗೋಡೆಗೂ ನಡುವಿನ ಸಂದಿನಲ್ಲಿ, ಮೇಲಿಂದಲೂ ಕೆಳಗಿಂದಲೂ, ಎರಡೂ ಬದಿಯಲ್ಲಿ ಉದ್ದಕ್ಕೂ ಎಳೆಯಬೇಕು. ಎಲ್ಲಿ ಸಲೀಸಾಗಿ ಹೋಗುತ್ತದೆ, ಎಲ್ಲಿ ಕಿರುಗುಟ್ಟುತ್ತದೆ, ಎಲ್ಲಿ ಪೂರ್ತಿ ನಿಲ್ಲುತ್ತದೆ ಎನ್ನುವುದನ್ನು ಪೆಟ್ಟಿಗೆಯ ಹೊರಮೈ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡುತ್ತ ಹೋದರೆ ಹಿಡಿತದ ನಕ್ಷೆ ತಾನೇ ಮೂಡುತ್ತದೆ. ಇಲ್ಲಿ ಮೂಡಿದ ನಕ್ಷೆಯಲ್ಲಿ ಮೂರು ಬೇರೆ ಬೇರೆ ಹಿಡಿತಗಳಿದ್ದವು.

ಹಿಂಭಾಗದ ಕೆಳತುದಿಯಲ್ಲಿ ಬ್ಲೇಡು ಕಿರುಗುಟ್ಟಿತು. ಅದು ಬೆಣಚುಕಲ್ಲಿನ ಹರಳು ಮತ್ತು ಒಣಗಿದ ಕೆಸರು. ಹಲಗೆ ಮೇಲಿರುವಾಗ ದೋಣಿಯನ್ನು ದಡಕ್ಕೆ ಎಳೆದರೆ ಮರಳು, ತಳದಲ್ಲಿ ಹಲಗೆ ಹೊರಬರುವ ಸೀಳಿನೊಳಗೆ ನುಗ್ಗುತ್ತದೆ. ನಡುವಿನಲ್ಲಿ ಬ್ಲೇಡು ಮೆತ್ತಗೆ ತಡೆಯಿತು. ಸೀಳಿನ ಬಾಯಿಗೆ ಹೊಡೆದಿದ್ದ ಬಟ್ಟೆಪಟ್ಟಿ ಹರಿದು, ಮಡಚಿ, ಹಲಗೆಯ ಬಲಬದಿಯಲ್ಲಿ ಒಳಗೆ ಸೇರಿಕೊಂಡಿತ್ತು. ಮುಂಭಾಗದಲ್ಲಿ, ಪಿವಟ್ ಬೋಲ್ಟಿನ ಸುತ್ತ ಒಂದು ಗೇಣಿನಷ್ಟು ಜಾಗದಲ್ಲಿ, ಬ್ಲೇಡು ಒಳಗೇ ಹೋಗಲಿಲ್ಲ. ನಿಜವಾದ ಉಬ್ಬು ಅಲ್ಲಿತ್ತು.

ಮರ ಉಬ್ಬುವ ಬಗೆ

ಪ್ಲೈವುಡ್‌ನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದು ಅಡ್ಡಕ್ಕಿರುತ್ತದೆ. ಒಂದು ಪದರ ಹಿಗ್ಗಲು ಹೊರಟರೆ ಪಕ್ಕದ್ದು ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಪ್ಲೈವುಡ್ ಉದ್ದಗಲದಲ್ಲಿ ಅಷ್ಟಾಗಿ ಹಿಗ್ಗುವುದಿಲ್ಲ. ದಪ್ಪದ ದಿಕ್ಕಿನಲ್ಲಿ ಮಾತ್ರ ಹಿಡಿಯುವವರು ಯಾರೂ ಇಲ್ಲ. ಸೆಂಟರ್‌ಬೋರ್ಡಿಗೆ ಕಡಿಮೆ ಜಾಗ ಇರುವುದೂ ಅದೇ ದಿಕ್ಕಿನಲ್ಲಿ. ಮೇಲ್ಮೈಯಿಂದ ನೀರು ಒಳಹೋಗುವುದು ನಿಧಾನ. ಪದರಗಳ ನಾರಿನ ಕತ್ತರಿಸಿದ ತುದಿ ತೆರೆದಿರುವ ಅಂಚಿನಿಂದ ಮತ್ತು ತೂತುಗಳಿಂದ ಅದು ಬತ್ತಿಯ ಹಾಗೆ ಹೀರಿಕೊಳ್ಳುತ್ತದೆ.

ಈ ಹಲಗೆಯಲ್ಲಿ ನೀರು ನುಗ್ಗಿದ್ದು ಬೋಲ್ಟಿನ ತೂತಿನಿಂದ. ಅಲ್ಲಿ ಎಂದೋ ಯಾರೋ ಸಾಮಾನ್ಯ ಕಬ್ಬಿಣದ ಬೋಲ್ಟು ಹಾಕಿದ್ದರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಅದು ತೂತನ್ನು ಅಗಲಿಸಿತ್ತು, ಸುತ್ತಲಿನ ಮರವನ್ನು ಕಪ್ಪಾಗಿಸಿ ಮೆದುಮಾಡಿತ್ತು. ಹಿಂದಿನ ವರ್ಷ ಬದಿಗಳನ್ನು ಉಜ್ಜಿದಾಗ ಹೊರಪದರ ಕೆಲವೆಡೆ ಪೂರ್ತಿ ಸವೆದು ಒಳಗಿನ ಅಂಟು ಕಾಣುವಂತಾಗಿತ್ತು. ಅದರ ಮೇಲೆ ಬಳಿದ ಒಂದು ಕೈ ವಾರ್ನಿಷ್ ನೀರನ್ನು ತಡೆಯುವಂಥದ್ದಲ್ಲ. ಜೊತೆಗೆ ಹರಿದ ಟಾರ್ಪಾಲಿನಡಿ ಮಳೆನೀರು ಹಲಗೆಯ ಪೆಟ್ಟಿಗೆಯೊಳಗೆ ನಿಂತು, ಕೆಸರು ಕಟ್ಟಿದ್ದ ಸೀಳಿನಿಂದ ಹೊರಹೋಗದೆ, ಹಲಗೆಯ ತಲೆಭಾಗ ತಿಂಗಳುಗಟ್ಟಲೆ ನೆನೆದಿತ್ತು. ಉಜ್ಜುವುದರಿಂದ ಒಂದು ಹಂಗಾಮು ಮಾತ್ರ ಕಳೆಯುತ್ತದೆ. ನೀರಿನ ದಾರಿ ಮುಚ್ಚದೆ ಎಷ್ಟು ತೆಳ್ಳಗೆ ಮಾಡಿದರೂ ಮರ ಮುಂದಿನ ಮಳೆಗೆ ಅಷ್ಟೇ ಉಬ್ಬುತ್ತದೆ, ಬಲ ಮಾತ್ರ ಕಡಿಮೆಯಾಗಿರುತ್ತದೆ.

ಬಿಡಿಸುವ ಕ್ರಮ

ಮೊದಲು ಸುಲಭದ್ದು. ಮೇಲಿನ ಬಾಯಿಂದ ಪೈಪಿನಲ್ಲಿ ನೀರು ಬಿಟ್ಟು ಕೆಸರು ಕರಗಿಸಿ, ತುದಿ ಬಾಗಿಸಿದ 3 ಮಿ.ಮೀ. ತಂತಿಯಿಂದ ಹರಳುಗಳನ್ನು ಒಂದೊಂದಾಗಿ ಹಿಂದಕ್ಕೆಳೆದು ತೆಗೆಯಲಾಯಿತು. ಹರಳನ್ನು ಒಳಕ್ಕೆ ತಳ್ಳಬಾರದು, ಮೇಲೆ ಹೋದಷ್ಟೂ ಬೆಣೆಯಂತೆ ಬಿಗಿಯುತ್ತದೆ. ಆಮೇಲೆ ದೋಣಿಯ ತಳದಲ್ಲಿ ಸೀಳಿನ ಎರಡೂ ಬದಿಗಿದ್ದ ಹಿತ್ತಾಳೆ ಪಟ್ಟಿಗಳ ತಿರುಪು ಬಿಚ್ಚಿ, ಹರಿದ ಬಟ್ಟೆಪಟ್ಟಿಯನ್ನು ಹೊರಗೆಳೆದದ್ದಾಯಿತು. ಹಳೆಯ ಹಿತ್ತಾಳೆ ತಿರುಪುಗಳ ಕುತ್ತಿಗೆ ಸುಲಭವಾಗಿ ಮುರಿಯುತ್ತದೆ. ಸ್ಕ್ರೂಡ್ರೈವರ್ ತಿರುಪಿನ ತಲೆಯ ಗೀರಿಗೆ ಸರಿಯಾಗಿ ಕೂರಬೇಕು, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಬೇಕು.

ಇಷ್ಟಾದ ಮೇಲೆ ಹಿಂಭಾಗ ಆಡತೊಡಗಿತು, ಮುಂಭಾಗ ಇಲ್ಲ. ಇಲ್ಲಿ ಆತುರ ಸಲ್ಲದು. ದೋಣಿಯನ್ನು ನೆರಳಿನಲ್ಲಿಟ್ಟು, ಸೀಳಿನೊಳಗೆ ಗಾಳಿ ಹೋಗುವಂತೆ ಟೇಬಲ್ ಫ್ಯಾನ್ ಹಚ್ಚಿ ಸುಮಾರು ಹತ್ತು ದಿನ ಬಿಡಲಾಯಿತು. ಬಿಸಿಲಿಗೆ ಒಡ್ಡಬಾರದು. ಬಿಸಿಲಿನಲ್ಲಿ ಹೊರಪದರ ಒಂದೇ ಬೇಗ ಒಣಗಿ ಬಿರಿಯುತ್ತದೆ, ಪೆಟ್ಟಿಗೆಯ ಗೋಡೆಯೂ ಬಾಗಬಹುದು. ಹಲವು ದೋಣಿಗಳಲ್ಲಿ ಈ ಒಣಗಿಸುವಿಕೆ ಒಂದರಿಂದಲೇ ಹಲಗೆ ಬಿಟ್ಟುಕೊಳ್ಳುತ್ತದೆ.

ಬೋಲ್ಟಿನ ಕಥೆ ಬೇರೆ. ನಟ್ಟು ತುಕ್ಕಿನಲ್ಲಿ ಒಂದಾಗಿಹೋಗಿತ್ತು, ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗುತ್ತಿತ್ತು. ಇಂಥ ಕಡೆ ತುಕ್ಕು ಬಿಡಿಸುವ ಎಣ್ಣೆಯನ್ನು ಸುರಿಯುವುದು ವಾಡಿಕೆ. ಮರದ ದೋಣಿಯಲ್ಲಿ ಅದು ತೂತಿನೊಳಗೆ ಇಳಿದು ಮರಕ್ಕೆ ಸೇರಿದರೆ ಮುಂದೆ ಎಪಾಕ್ಸಿ (ರೆಸಿನ್ ಮತ್ತು ಹಾರ್ಡ್‌ನರ್ ಕಲಸಿ ಮಾಡುವ ಗಟ್ಟಿ ಅಂಟು) ಅಲ್ಲಿ ಕಚ್ಚಿಕೊಳ್ಳುವುದಿಲ್ಲ. ಸಿಲಿಕೋನ್ ಸ್ಪ್ರೇಯಂತೂ ಶೆಡ್ಡಿನ ಹತ್ತಿರವೂ ಬೇಡ. ಬೆಂಕಿ ತೋರಿಸುವುದೂ ಆಗದು, ಸುತ್ತಲೂ ಪ್ಲೈವುಡ್ ಮತ್ತು ಅಂಟು. ಕೊನೆಗೆ ಸುತ್ತಲಿನ ಮರಕ್ಕೆ ತಗಡಿನ ತುಂಡು ಅಡ್ಡ ಹಿಡಿದು, ಒದ್ದೆಬಟ್ಟೆ ಹೊದಿಸಿ, ಸಣ್ಣ ಗ್ರೈಂಡರಿನಿಂದ ನಟ್ಟನ್ನು ಕೊರೆದು ತೆಗೆಯಲಾಯಿತು. ಕಿಡಿ ಬೀಳುವ ಕೆಲಸ, ಬಕೆಟ್ಟಿನಲ್ಲಿ ನೀರು ಪಕ್ಕದಲ್ಲೇ ಇರಬೇಕು.

ಬೋಲ್ಟು ಇಂಚಿನ ಅಳತೆಯದು, ಮೂರೆಂಟನೇ ಇಂಚು, ಅಂದರೆ 9.5 ಮಿ.ಮೀ. ಅದನ್ನು ಹೊರದೂಡಲು 8 ಮಿ.ಮೀ. ಸರಳಿನ ತುಂಡು ಸಾಕು. ಆದರೆ ಎದುರಿನ ಗೋಡೆಗೆ ಆಸರೆ ಕೊಡದೆ ಹೊಡೆದರೆ ಹೊರಪದರ ಚಕ್ಕೆಯಾಗಿ ಹಾರುತ್ತದೆ. ಬೋಲ್ಟು ಹೊರಬರುವ ಕಡೆ 14 ಮಿ.ಮೀ. ತೂತಿರುವ ಮರದ ದಿಮ್ಮಿಯನ್ನು ಒಬ್ಬರು ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಸಣ್ಣ ಸಣ್ಣ ಏಟು ಹಾಕಬೇಕು.

ಬೋಲ್ಟು ಬಂದ ಮೇಲೆ ಹಲಗೆಯ ತಲೆಯಲ್ಲಿದ್ದ ತಡೆಕಟ್ಟುಗಳನ್ನು ಬಿಚ್ಚಿ, ಸಂದಿನೊಳಗೆ ಎರಡೂ ಬದಿ ದಪ್ಪ ಪಾಲಿಯೆಸ್ಟರ್ ಹಾಳೆಯ ಪಟ್ಟಿಗಳನ್ನು ತೂರಿಸಿ, ತಲೆಯಂಚಿಗೆ ಮೆದುಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಒಮ್ಮೆ ಮುಂದೆ, ಒಮ್ಮೆ ಹಿಂದೆ ತಟ್ಟುತ್ತ ಹಲಗೆಯನ್ನು ತಳದ ಕಡೆಗೆ ಇಳಿಸಲಾಯಿತು. ಒಂದೇ ಕಡೆ ಹೊಡೆದರೆ ಹಲಗೆ ಓರೆಯಾಗಿ ಇನ್ನಷ್ಟು ಕಚ್ಚುತ್ತದೆ.

ಅಳತೆಗಳು

ವರ್ನಿಯರ್ ಕ್ಯಾಲಿಪರಿನಲ್ಲಿ ಹಲಗೆಯ ದಪ್ಪ: ಕೆಳತುದಿಯ ಹತ್ತಿರ 19 ಮಿ.ಮೀ., ಉಜ್ಜಿ ತೆಳ್ಳಗಾಗಿದ್ದ ನಡುಭಾಗದಲ್ಲಿ 18, ಬೋಲ್ಟಿನ ತೂತಿನ ಪಕ್ಕದಲ್ಲಿ ಒಣಗಿದ ಮೇಲೂ 22ಕ್ಕೆ ತುಸು ಮೇಲೆ. ಪೆಟ್ಟಿಗೆಯ ಒಳಗಲ ಅಳೆಯಲು ಕ್ಯಾಲಿಪರ್ ಕೈಗೆಟುಕದು. ಅದಕ್ಕೆ 20, 21, 22, 23 ಮಿ.ಮೀ. ಅಗಲದ ಮರದ ಪಟ್ಟಿಗಳನ್ನು ಸೀಳಿ ಒಂದೊಂದಾಗಿ ಇಳಿಸಿ ನೋಡುವುದು ನೇರ ದಾರಿ. ಮೂಲತಃ 23 ಇದ್ದ ಅಗಲ ಹಳೆಯ ಎನಾಮಲ್ ಪದರಗಳಿಂದ ಕೆಲವೆಡೆ 22ಕ್ಕೆ ಇಳಿದಿತ್ತು. ಎರಡನ್ನೂ ಕೂಡಿಸಿ ನೋಡಿದರೆ ಹಲಗೆ ಯಾಕೆ ನಿಂತಿತು ಎನ್ನುವುದಕ್ಕೆ ಬೇರೆ ವಿವರಣೆ ಬೇಡ.

ಗುರಿ ಹೀಗೆ ನಿಗದಿಯಾಯಿತು: ಪೆಟ್ಟಿಗೆಯ ಬಣ್ಣ ಕೆರೆದು ಎಲ್ಲೆಡೆ 23ಕ್ಕೆ ತರುವುದು, ಹಲಗೆಯ ಸಿದ್ಧ ದಪ್ಪ 20 ಮೀರದಂತೆ ನೋಡುವುದು. ಆಗ ಪ್ರತಿ ಬದಿಗೆ ಒಂದೂವರೆ ಮಿ.ಮೀ. ಸಂದು ಸಿಗುತ್ತದೆ. ಸ್ಪರ್ಧೆಗೆ ಬಳಸುವ ದೋಣಿಯಾದರೆ ದಪ್ಪ ಹೆಚ್ಚಿಸುವ ಮೊದಲು ವರ್ಗದ ಅಳತೆ ನಿಯಮಗಳನ್ನು ನೋಡಲೇಬೇಕು. ಹಳೆಯ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆದ್ದರಿಂದ ಒಣಗಿದ್ದಾಗ ಉಜ್ಜದೆ ನೀರು ಹಾಕಿ, ಉದ್ದ ಪಟ್ಟಿಗೆ 80 ನಂಬರಿನ ವಾಟರ್ ಪೇಪರ್ ಅಂಟಿಸಿ ಉಜ್ಜುವುದು ಒಳ್ಳೆಯದು. ಮುಖಕ್ಕೆ ಮಾಸ್ಕ್ ಇರಲಿ.

ಹಲಗೆಯ ದುರಸ್ತಿ

ಹೊಸ ಹಲಗೆ ಮಾಡಿಸಬಹುದಿತ್ತು. ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಗುರುತಿನ ಪ್ಲೈವುಡ್ 19 ಮಿ.ಮೀ. ದಪ್ಪದಲ್ಲಿ ಬೆಂಗಳೂರಿನಲ್ಲಿ ಸಿಗುತ್ತದೆ. ಆದರೆ ಪದರ ಬಿಟ್ಟಿದ್ದು ತಲೆಭಾಗದ ಒಂದು ಗೇಣಿನಲ್ಲಿ ಮಾತ್ರ. ನೀರಿನಲ್ಲಿ ಬಲ ಹೊರುವ ಕೆಳಭಾಗ, ಬೆರಳ ಗೆಣ್ಣಿನಿಂದ ತಟ್ಟಿದರೆ, ಗಟ್ಟಿ ಸದ್ದು ಕೊಡುತ್ತಿತ್ತು. ಟೊಳ್ಳು ಸದ್ದು ದೋಣಿಯ ತಳ ದಾಟಿ ಕೆಳಗೂ ಕೇಳಿದ್ದರೆ ದುರಸ್ತಿಯ ಯೋಚನೆ ಬಿಟ್ಟು ಹೊಸದಕ್ಕೇ ಹೋಗಬೇಕಿತ್ತು. ಮಗುಚಿದ ದೋಣಿಯ ಮೇಲೆ ನಿಂತ ಮನುಷ್ಯನ ಭಾರ ಬೀಳುವುದು ಅಲ್ಲೇ.

ಎಪಾಕ್ಸಿ ಹಾಕುವ ಮೊದಲು ಮರ ನಿಜವಾಗಿ ಒಣಗಿರಬೇಕು. ತೇವ ಅಳೆಯುವ ಯಂತ್ರ ಇಲ್ಲದಿದ್ದರೂ ತೂಕ ಸುಳ್ಳು ಹೇಳುವುದಿಲ್ಲ. ಹಲಗೆಯನ್ನು ಹೊರತೆಗೆದು ಹಳೆಯ ವಾರ್ನಿಷ್ ಕೆರೆದಾಗ ತೂಕ 5.9 ಕಿಲೋ. ಲಗೇಜು ತೂಗುವ ಕೊಕ್ಕೆಯ ತಕ್ಕಡಿಗೆ ಎರಡು ದಿನಕ್ಕೊಮ್ಮೆ ಹಾಕುತ್ತ ಬಂದಂತೆ ಅದು ಇಳಿಯುತ್ತ 4.9ರಲ್ಲಿ ನಿಂತಿತು. ಸತತ ಮೂರು ತೂಕ ಒಂದೇ ಬಂದ ಮೇಲೆ ಮುಂದಿನ ಕೆಲಸ.

ಪದರ ಬಿಟ್ಟ ಕಡೆ 3 ಮಿ.ಮೀ. ತೂತುಗಳನ್ನು ಒಂದಿಂಚಿಗೆ ಒಂದರಂತೆ, ಪದರ ಬಿಟ್ಟ ಆಳದವರೆಗೆ ಮಾತ್ರ ಕೊರೆದು, ಸೂಜಿಯಿಲ್ಲದ ಸಿರಿಂಜಿನಿಂದ ತೆಳು ಎಪಾಕ್ಸಿ ತುಂಬಲಾಯಿತು. ಪಕ್ಕದ ತೂತಿನಲ್ಲಿ ಉಕ್ಕುವವರೆಗೆ ಒಂದು ತೂತಿಗೆ ತುಂಬಬೇಕು. ಆಮೇಲೆ ಎರಡೂ ಬದಿ ಪಾಲಿಥೀನ್ ಹಾಳೆ, ಅದರ ಮೇಲೆ ನೇರವಾದ ದಪ್ಪ ಹಲಗೆ, ಸಿ-ಕ್ಲ್ಯಾಂಪ್. ಉಬ್ಬು ಇದರಿಂದಲೇ 20ಕ್ಕೆ ಹತ್ತಿರ ಬಂತು. ತುಂಬ ಬಿಗಿದರೆ ಎಪಾಕ್ಸಿಯೆಲ್ಲ ಹೊರಬಂದು ಕೀಲು ಬರಡಾಗುತ್ತದೆ, ಅಂಚಿನಲ್ಲಿ ಸಣ್ಣ ಮಣಿಗಳಂತೆ ಉಕ್ಕಿದಾಗ ನಿಲ್ಲಿಸಬೇಕು.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಫೈಬರ್ ಕೆಲಸಕ್ಕೆ ಎಂದು ಕೇಳಿದರೆ ಮೊದಲು ಕೊಡುವುದು ಪಾಲಿಯೆಸ್ಟರ್ ರೆಸಿನ್. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಆದರೆ ಮರಕ್ಕೆ ಅದರ ಹಿಡಿತ ಎಪಾಕ್ಸಿಗೆ ಸಮವಲ್ಲ. ನೀರಿನಲ್ಲಿ ಮುಳುಗುವ ಮರದ ಭಾಗಕ್ಕೆ ಅದನ್ನು ಬಳಸಬಾರದು. ಎಪಾಕ್ಸಿಯ ರೆಸಿನ್ ಮತ್ತು ಹಾರ್ಡ್‌ನರ್ ಅನುಪಾತ ಡಬ್ಬಿಯ ಮೇಲೆ ಬರೆದಂತೆಯೇ, ತೂಕವೆಂದರೆ ತೂಕ, ಅಳತೆಯೆಂದರೆ ಅಳತೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗದು.

ಬೋಲ್ಟಿನ ತೂತಿನ ಸುತ್ತಲಿನ ಕಪ್ಪು ಮರವನ್ನು 40 ಮಿ.ಮೀ. ಹೋಲ್ ಸಾ (ದುಂಡು ತೂತು ಕತ್ತರಿಸುವ ಗರಗಸ) ಹಾಕಿ ಪೂರ್ತಿ ಕತ್ತರಿಸಲಾಯಿತು. ಆ ಬಾವಿಯ ಒಳಗೋಡೆಗೆ ಮೊದಲು ತೆಳು ಎಪಾಕ್ಸಿ ಬಳಿದು, ಅದು ಅಂಟಂಟಾಗಿರುವಾಗಲೇ, ಸಿಲಿಕಾ ಪುಡಿ ಮತ್ತು ಗಾಜಿನ ನಾರಿನ ಚೂರು ಕಲಸಿ ಮಂದಮಾಡಿದ ಎಪಾಕ್ಸಿಯನ್ನು ಎರಡು ಸಲಕ್ಕೆ ತುಂಬಲಾಯಿತು. ಒಂದೇ ಸಲಕ್ಕೆ ತುಂಬಿದರೆ ರಾಶಿ ತನ್ನ ಬಿಸಿಗೆ ತಾನೇ ಕುದ್ದು ಬಿರುಕು ಬಿಡುತ್ತದೆ. ಸೆಕೆಯ ಮಧ್ಯಾಹ್ನ ಈ ಕೆಲಸ ಬೇಡ. ಉಷ್ಣತೆ 10 ಡಿಗ್ರಿ ಏರಿದರೆ ಕಲಸಿದ ಎಪಾಕ್ಸಿ ಕೈಯಲ್ಲಿ ನಿಲ್ಲುವ ಹೊತ್ತು ಸುಮಾರು ಅರ್ಧವಾಗುತ್ತದೆ.

ಈ ಗಟ್ಟಿ ಬಿಲ್ಲೆಯ ನಡುವೆ ಹೊಸ ತೂತು ಕೊರೆದದ್ದು ಡ್ರಿಲ್ ಸ್ಟ್ಯಾಂಡಿನಲ್ಲಿ. ಕೈಯಳತೆಯಲ್ಲಿ ಕೊರೆದು ತೂತು ಒಂದೆರಡು ಡಿಗ್ರಿ ಓರೆಯಾದರೂ ಹಲಗೆಯ ತುದಿ ಪೆಟ್ಟಿಗೆಯ ಗೋಡೆಗೆ ಉಜ್ಜುತ್ತಲೇ ಇರುತ್ತದೆ. ಈಗ ಬೋಲ್ಟಿನ ಸುತ್ತ ಇರುವುದು ಎಪಾಕ್ಸಿ ಮಾತ್ರ, ನೀರು ಮರವನ್ನು ಮುಟ್ಟುವ ದಾರಿ ಅಲ್ಲಿಲ್ಲ. ಇಡೀ ದುರಸ್ತಿಯಲ್ಲಿ ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು.

ಉಳಿದದ್ದು ಹೊದಿಕೆ. ಎರಡೂ ಮೈಗೆ ಒಂದು ಪದರ ಗಾಜಿನ ನಾರಿನ ಬಟ್ಟೆ (ಚದರ ಮೀಟರಿಗೆ 200 ಗ್ರಾಂ ತೂಗುವಂಥದ್ದು), ತೆಳ್ಳಗಾಗಿದ್ದ ನಡುಭಾಗಕ್ಕೆ ಎರಡು. ಮುಂದಿನ ಅಂಚಿಗೆ ಮತ್ತು ಕೆಳತುದಿಗೆ 50 ಮಿ.ಮೀ. ಗಾಜಿನ ಟೇಪು ಸುತ್ತಿಸಲಾಯಿತು. ಚೂಪು ಮೂಲೆಗೆ ಬಟ್ಟೆ ಕೂರುವುದಿಲ್ಲ, ಅಂಚನ್ನು ಮೊದಲು ದುಂಡಗೆ ಮಾಡಿರಬೇಕು. ಮೇಲೆ ಮೈಗೆ ಮೂರು ಕೈ ಎಪಾಕ್ಸಿ, ಅಂಚಿಗೆ ಐದು. ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಮತ್ತು ಸ್ಕ್ರಬ್ಬರಿನಿಂದ ತೊಳೆದು, ಆಮೇಲೆ ಉಜ್ಜಿ, ಆಮೇಲೆ ಮುಂದಿನ ಕೈ. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಸೇರಿ ಮೇಲಿನ ಪದರ ಸುಲಿಯುತ್ತದೆ. ಎಪಾಕ್ಸಿ ಬಿಸಿಲಿಗೆ ಹಾಳಾಗುವ ವಸ್ತು, ಕೊನೆಗೆ ಎರಡು ಕೈ ಪಾಲಿಯುರೆಥೇನ್ ಬಣ್ಣ. ಸಿದ್ಧ ದಪ್ಪ ಎಲ್ಲೆಡೆ 19.8ರಿಂದ 20 ಮಿ.ಮೀ., ತೂಕ 5.5 ಕಿಲೋ.

ಮರುಜೋಡಣೆ

ಪೆಟ್ಟಿಗೆಯ ಗೋಡೆಗಳ ಬೋಲ್ಟು ತೂತಿಗೂ ಇದೇ ಉಪಚಾರ: 14 ಮಿ.ಮೀ.ಗೆ ಅಗಲಿಸಿ, ಎಪಾಕ್ಸಿ ತುಂಬಿ, ಮತ್ತೆ 10ಕ್ಕೆ ಕೊರೆಯುವುದು. ಹೊಸ ಬೋಲ್ಟು ಎಂ10 (10 ಮಿ.ಮೀ.), 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಿಹಿನೀರಿಗೆ ಅದು ಸಾಕು. ಕರಾವಳಿಯಲ್ಲಿ ಉಪ್ಪುನೀರಿಗೆ ಇಳಿಯುವ ದೋಣಿಗೆ 316 ಬೇಕು. ಪ್ರತಿ ಬದಿಗೆ ಗೋಡೆಗೆ ತಾಗಿ 3 ಮಿ.ಮೀ. ನಿಯೋಪ್ರೀನ್ ರಬ್ಬರ್ ವಾಷರ್, ಅದರ ಮೇಲೆ 30 ಮಿ.ಮೀ. ಅಗಲದ ಸ್ಟೀಲ್ ವಾಷರ್, ಕೊನೆಗೆ ತಾನಾಗಿ ಸಡಿಲವಾಗದ ನೈಲಾಕ್ ನಟ್ಟು. ರಬ್ಬರಿನ ಅಂಚು ತುಸು ಉಬ್ಬಿ ಕಂಡ ಕೂಡಲೇ ಬಿಗಿಯುವುದನ್ನು ನಿಲ್ಲಿಸಬೇಕು. ಸೋರದಿರಲಿ ಎಂದು ಇನ್ನೆರಡು ಸುತ್ತು ಹಾಕಿದರೆ ಗೋಡೆಗಳು ಒಳಕ್ಕೆ ಬಾಗಿ ಹಲಗೆಯನ್ನು ಕಚ್ಚುತ್ತವೆ. ಅಷ್ಟೆಲ್ಲ ದುರಸ್ತಿ ಮಾಡಿಯೂ ಮತ್ತೆ ಬಿಗಿ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಈ ನಟ್ಟನ್ನು.

ಸೀಳಿನ ಬಾಯಿಗೆ ಹಳೆಯ ಡೇಕ್ರಾನ್ (ಪಾಲಿಯೆಸ್ಟರ್ ಬಟ್ಟೆ) ಹಾಯಿಯಿಂದ 60 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ರಬ್ಬರ್ ಅಂಟು ಹಚ್ಚಿ, ಉದ್ದಕ್ಕೂ ಎಳೆದು ಹಿಡಿದು ಹಿತ್ತಾಳೆ ಪಟ್ಟಿಯಡಿ ಬಿಗಿಯಲಾಯಿತು. ಎರಡರ ಅಂಚು ನಡುವೆ ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು. ಹಿಂದಿನ ಪಟ್ಟಿ ಮಡಚಿಕೊಂಡದ್ದು ಹಾಗೆ ಏರಿದ್ದರಿಂದಲೇ.

ಸಂದು ಸರಿಯಾದ ಮೇಲೆ ಹಲಗೆ ಎಷ್ಟು ಸಲೀಸಾಯಿತೆಂದರೆ ತನ್ನ ಭಾರಕ್ಕೆ ತಾನೇ ಬೀಳತೊಡಗಿತು. ಮೊದಲು ಅದನ್ನು ಬೇಕಾದಲ್ಲಿ ನಿಲ್ಲಿಸುತ್ತಿದ್ದುದು ಉಬ್ಬಿದ ಮರದ ಬಿಗಿ. ಈಗ ತಲೆಭಾಗದ ಒಂದು ಬದಿಗೆ ಕೈಯಗಲದ ರಬ್ಬರ್ ಪಟ್ಟಿ ಅಂಟಿಸಿ, ಬೇಕಾದ ಕೋನದಲ್ಲಿ ನಿಲ್ಲುವಷ್ಟೇ ಘರ್ಷಣೆ ಕೊಡಲಾಯಿತು.

ಸೋರಿಕೆ ಪರೀಕ್ಷೆ ದಡದಲ್ಲೇ ಆಗಬೇಕು. ದೋಣಿಯನ್ನು ಟೈರುಗಳ ಮೇಲೆ ಸಮನಾಗಿ ಕೂರಿಸಿ, ಒಳಗೆ ಬೋಲ್ಟು ಮುಳುಗುವಷ್ಟು ನೀರು ಸುರಿದು, ದೋಣಿಯ ಕೆಳಗೆ ನೆಲಕ್ಕೆ ಒಣ ಸುದ್ದಿಪತ್ರಿಕೆ ಹಾಸಿ ಒಂದು ಗಂಟೆ ಬಿಡಲಾಯಿತು. ಕಾಗದದ ಮೇಲೆ ಕಲೆ ಬೀಳಲಿಲ್ಲ. ಬಿದ್ದಿದ್ದರೆ, ಕಲೆ ಬೋಲ್ಟಿನ ನೇರಕ್ಕಿದೆಯೋ ಪೆಟ್ಟಿಗೆಯ ಬುಡದ ಉದ್ದಕ್ಕಿದೆಯೋ ಎನ್ನುವುದೇ ಮುಂದಿನ ಕೆಲಸ ಯಾವುದೆಂದು ಹೇಳುತ್ತಿತ್ತು.

ಈ ಕ್ರಮ ಪ್ಲೈವುಡ್ ಹಲಗೆಗೆ. ಕಬ್ಬಿಣದ ತಗಡಿನ ಹಲಗೆ ಇರುವ ದೋಣಿಗಳಲ್ಲಿ ಉಬ್ಬುವುದು ತುಕ್ಕಿನ ಚಕ್ಕೆ. ಒಣಗಿಸಿ ಕಾಯುವುದರಿಂದ ಅಲ್ಲಿ ಏನೂ ಆಗದು, ಕೆರೆದೇ ತೆಗೆಯಬೇಕು. ತೂಕವೂ ಬಹಳ ಹೆಚ್ಚು, ಬೋಲ್ಟು ತೆಗೆಯುವ ಮೊದಲು ಹಲಗೆಗೆ ಕೆಳಗಿನಿಂದ ಆಸರೆ ಕೊಡದಿದ್ದರೆ ಕೈಕಾಲಿಗೆ ಅಪಾಯ.

ಮುಂದಿನ ಮಳೆಗಾಲದಲ್ಲಿ ದೋಣಿಯನ್ನು ಬೋರಲು ಹಾಕಿ ಇಡಲಾಗಿತ್ತು, ನೀರು ನಿಲ್ಲುವ ಮಾತೇ ಇರಲಿಲ್ಲ. ಹಂಗಾಮಿನ ಮೊದಲು ಹಲಗೆ ಬಿಚ್ಚಿ ನೋಡಿದಾಗ ಬೋಲ್ಟಿನ ಪಕ್ಕದ ದಪ್ಪ 20 ಮಿ.ಮೀ., ಬದಲಾಗಿರಲಿಲ್ಲ. ತೂಕ ಮಾತ್ರ 60 ಗ್ರಾಂ ಏರಿತ್ತು. ಹುಡುಕಿದರೆ ಕೆಳತುದಿಯ ಹಿಂದಿನ ಮೂಲೆಯಲ್ಲಿ, ಕಲ್ಲಿಗೆ ತಾಗಿ, ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತ್ತು. ಅದನ್ನು ಕೆರೆದು, ಹಳೆಯ ತೂಕಕ್ಕೆ ಮರಳುವವರೆಗೆ ಒಣಗಿಸಿ, ಮಂದ ಎಪಾಕ್ಸಿ ತುಂಬಿ, ಎರಡು ಕೈ ಬಣ್ಣ ಬಳಿದು ಹಲಗೆಯನ್ನು ಮತ್ತೆ ಜೋಡಿಸಲಾಯಿತು.